ಯಂತ್ರಸಂಗೀತವೂ ನಮ್ಮ ಚೆಂಡೆಯೂ

(ಸಂಘದ ವಾರ್ಷಿಕೋತ್ಸವದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)



“ವಿದ್ಯುನ್ಮಾನ ಸಂಗೀತದಲ್ಲಿ ಕೈವಾದ್ಯಗಳ ಸ್ಥಾನ” ಎಂಬ ವಿಷಯವನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ಸಂಘದ ಕಾರ್ಯದರ್ಶಿಗಳು ನನಗೆ ಅಪ್ಪಣೆ ಮಾಡಿರುವರು. ಹಳಗನ್ನಡ ಕಾವ್ಯವನ್ನೂ ಛಂದಸ್ಸನ್ನೂ ಬೋಧಿಸುವ ಶಾಲಾ ಪಂಡಿತನಿಗೂ ಕಂಪ್ಯೂಟರಿನಲ್ಲಿ ಹುಟ್ಟುವ ಸಂಗೀತಕ್ಕೂ ಎಲ್ಲಿಯ ನಂಟು ಎಂದು ತಮ್ಮಲ್ಲಿ ಕೆಲವರಿಗೆ ತೋರಬಹುದು. ನಂಟು ಇದ್ದೇ ಇದೆ. ಇದು ಕುಂಬಳೆಯ ಪಾರ್ತಿಸುಬ್ಬನ ನಾಡು. ಇಲ್ಲಿ ಅಕ್ಷರ ಬಾರದವನ ಕಿವಿಗೂ ರಾಮಾಯಣದ ಕನ್ನಡವನ್ನು ಮುಟ್ಟಿಸಿದುದು ಅಚ್ಚಿನ ಪುಸ್ತಕವಲ್ಲ, ಭಾಗವತನ ಪದ. ಆ ಪದಕ್ಕೆ ಹೆಗಲು ಕೊಟ್ಟು ನಿಂತುದು ಚೆಂಡೆ, ಮದ್ದಳೆ. ಆದುದರಿಂದ ಈ ವಾದ್ಯಗಳಿಗೆ ಏನಾಗುತ್ತಿದೆ ಎಂದು ವಿಚಾರಿಸುವುದು ಕನ್ನಡ ಪಂಡಿತನ ಕೆಲಸವೂ ಅಹುದು.

ಈಗ ನಮ್ಮೂರಿನ ಸ್ಥಿತಿ ಹೇಗಿದೆಯೆಂಬುದನ್ನು ನೋಡೋಣ. ಮನೆಯ ಒಂದು ಕೋಣೆ, ಒಂದು ಕಂಪ್ಯೂಟರು, ಒಂದು ಕೀಬೋರ್ಡು, ಒಂದು ಮೈಕು ಇಷ್ಟಿದ್ದರೆ ಉಪ್ಪಳದಲ್ಲಿಯೋ ಬದಿಯಡ್ಕದಲ್ಲಿಯೋ ಕುಳಿತು ಒಬ್ಬ ತರುಣನು ಭಕ್ತಿಗೀತೆಯನ್ನೂ ಮದುವೆಯ ಹಾಡನ್ನೂ ನೃತ್ಯರೂಪಕದ ಹಿಮ್ಮೇಳವನ್ನೂ ತಾನೊಬ್ಬನೇ ಸಿದ್ಧಪಡಿಸಬಹುದಾಗಿದೆ. ಕೊಳಲು ಬೇಕೆಂದರೆ ಕೀಲಿಯೊತ್ತಿದರೆ ಕೊಳಲು. ಚೆಂಡೆ ಬೇಕೆಂದರೆ ಇನ್ನೊಂದು ಕೀಲಿಗೆ ಚೆಂಡೆ. ಇದನ್ನು ಕಂಡು ಹಿರಿಯರಲ್ಲಿ ಕೆಲವರು “ಕಲೆ ಹಾಳಾಯಿತು” ಎನ್ನುವರು. ಕಿರಿಯರಲ್ಲಿ ಕೆಲವರು “ಇನ್ನು ವಾದ್ಯದವರ ಗೊಡವೆಯೇ ಬೇಡ” ಎನ್ನುವರು. ನನಗೆ ಎರಡು ಮಾತೂ ಪೂರ್ತಿಯಾಗಿ ಒಪ್ಪಿಗೆಯಾಗಿಲ್ಲ. ಯಂತ್ರಕ್ಕೆ ಯಾವ ಕೆಲಸವನ್ನು ಒಪ್ಪಿಸಬಹುದು, ಯಾವುದನ್ನು ಒಪ್ಪಿಸಕೂಡದು ಎಂಬ ವಿವೇಕವೊಂದೇ ಇಲ್ಲಿ ಮುಖ್ಯ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಶ್ರುತಿಯನ್ನು ಯಂತ್ರಕ್ಕೆ ಒಪ್ಪಿಸಬಹುದು; ತಾಳವನ್ನು ಒಪ್ಪಿಸಕೂಡದು. ಶ್ರುತಿ ಯಾರ ಮಾತನ್ನೂ ಕೇಳಬೇಕಾಗಿಲ್ಲ, ಅದು ಸ್ಥಿರವಾಗಿ ನಿಂತರೆ ಸಾಕು. ನಮ್ಮಲ್ಲಿ ತಾಳವಾದರೋ ಎದುರಿಗಿರುವವನ ಮುಖವನ್ನು ನೋಡಿ ನಡೆಯುವಂತಹದು.

ಈ ಮಾತನ್ನು ವಿವರಿಸುವ ಮೊದಲು ಯಂತ್ರಸಂಗೀತದ ಚರಿತ್ರೆಯನ್ನು ಸ್ವಲ್ಪ ಅವಲೋಕಿಸುವುದು ಲೇಸು. ರಷ್ಯದ ಲೆವ್ ಥೆರೆಮಿನ್ ಎಂಬ ವಿಜ್ಞಾನಿಯು 1920ರಲ್ಲಿಯೇ, ಮುಟ್ಟದೆ ಗಾಳಿಯಲ್ಲಿ ಕೈಯಾಡಿಸಿ ನುಡಿಸುವ ವಿದ್ಯುದ್ವಾದ್ಯವೊಂದನ್ನು ಕಂಡುಹಿಡಿದನು. 1948ರಲ್ಲಿ ಪ್ಯಾರಿಸ್ ರೇಡಿಯೋದಲ್ಲಿದ್ದ ಪಿಯರ್ ಶಾಫರ್, ರೈಲಿನ ಸದ್ದು ಮೊದಲಾದುವನ್ನು ಧ್ವನಿಮುದ್ರಿಸಿಕೊಂಡು ಅವನ್ನೇ ಜೋಡಿಸಿ ಸಂಗೀತವೆಂದು ಕೇಳಿಸಿದನು. ಇಲ್ಲಿ ಗಮನಿಸತಕ್ಕ ಸಂಗತಿಯೆಂದರೆ, ಈ ಯಂತ್ರಸಂಗೀತ ಹುಟ್ಟಿ ನಾಲ್ಕೈದು ವರ್ಷಗಳೊಳಗೇ ಅದನ್ನು ರಚಿಸಿದವರು ಕೈವಾದ್ಯವನ್ನು ಮರಳಿ ಕರೆದುದು. ಇಟಲಿಯ ಬ್ರೂನೊ ಮದೆರ್ನ 1952ರಲ್ಲಿ ಕೊಳಲನ್ನೂ ಧ್ವನಿಸುರುಳಿಯನ್ನೂ ಜೊತೆಗೂಡಿಸಿದನು. 1954ರಲ್ಲಿ ಎಡ್ಗರ್ ವಾರೇಸ್ ತನ್ನ ‘ದೆಸೆರ್’ ಎಂಬ ಕೃತಿಯಲ್ಲಿ ಊದುವ ವಾದ್ಯ, ಬಡಿಯುವ ವಾದ್ಯಗಳ ನಡುನಡುವೆ ಧ್ವನಿಸುರುಳಿಯ ಭಾಗಗಳನ್ನು ಇರಿಸಿದನು. ಸುರುಳಿಯೊಂದನ್ನೇ ತಿರುಗಿಸಿ ಸಭೆಯನ್ನು ಕೂರಿಸುವುದು ಕಷ್ಟ. ವೇದಿಕೆಯ ಮೇಲೆ ಉಸಿರಾಡುವ ಮನುಷ್ಯನೊಬ್ಬನಿದ್ದರೆ ಕೇಳುವವನ ಮನಸ್ಸು ನಿಲ್ಲುತ್ತದೆ.

ನಮ್ಮ ದೇಶವೂ ಈ ವಿಷಯದಲ್ಲಿ ಹಿಂದೆ ಬಿದ್ದುದಲ್ಲ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ 1969ರಲ್ಲಿ ಅಮೆರಿಕದ ಡೇವಿಡ್ ಟ್ಯೂಡರ್ ಎಂಬ ಸಂಗೀತಗಾರನ ನೆರವಿನಿಂದ ವಿದ್ಯುನ್ಮಾನ ಸಂಗೀತದ ಸ್ಟುಡಿಯೋ ಒಂದು ಸ್ಥಾಪಿತವಾಯಿತು. ಮೂಗ್ ಎಂಬವನ ಹೆಸರಿನ ಸಿಂಥೆಸೈಸರ್ ಅಲ್ಲಿಗೆ ಬಂದಿತು. ಅಲ್ಲಿ ಕೆಲಸ ಮಾಡಿದವರಲ್ಲಿ ಗೀತಾ ಸಾರಾಭಾಯಿ ಒಬ್ಬರು. ಇವರು ಪಖಾವಾಜ್ ನುಡಿಸಲು ಕಲಿತವರು ಎಂಬುದನ್ನು ತಾವು ನೆನಪಿನಲ್ಲಿಡಬೇಕು. ಮದ್ದಳೆಯ ಕುಲದ ವಾದ್ಯವನ್ನು ಬಲ್ಲ ಕೈಯೇ ಭಾರತದಲ್ಲಿ ಮೊದಮೊದಲು ಸಿಂಥೆಸೈಸರಿನ ಗುಂಡಿಗಳನ್ನು ತಿರುಗಿಸಿದ ಕೈಗಳಲ್ಲೊಂದು. ಆ ಸ್ಟುಡಿಯೋದಲ್ಲಿ 1969ರಿಂದ 1972ರವರೆಗೆ ಮುದ್ರಿತವಾದ ಸುರುಳಿಗಳು ಬಹುಕಾಲ ಮರೆಯಾಗಿದ್ದು 2023ರಲ್ಲಿ ಪ್ರಕಟವಾದುವು.

ಇನ್ನು ಶ್ರುತಿಯ ಮಾತಿಗೆ ಬರೋಣ. ನಮ್ಮ ಬಯಲಾಟದಲ್ಲಿ ಹಿಂದೆ ಪುಂಗಿಯ ಶ್ರುತಿಯಿದ್ದಿತು. ಅನಂತರ ಹಾರ್ಮೋನಿಯಂ ಬಂದಿತು. ಈಗ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ. ಇದು ಎಲ್ಲಿಂದಲೋ ಬಂದ ವಸ್ತುವೆಂದು ತಿಳಿಯಬೇಕಾಗಿಲ್ಲ. 1970ರ ದಶಕದ ಕೊನೆಯಲ್ಲಿ ಬೆಂಗಳೂರಿನ ಜಿ. ರಾಜ್ ನಾರಾಯಣ್ ಎಂಬ ಇಂಜಿನಿಯರರು ಇಂತಹ ಶ್ರುತಿಯಂತ್ರಗಳನ್ನು ತಯಾರಿಸಿ ಸಂಗೀತಗಾರರ ಕೈಗಿತ್ತರು. ಅವರು ಸ್ವತಃ ಕೊಳಲು ನುಡಿಸಬಲ್ಲವರು. ತನಗೆ ಬೇಕಾದುದನ್ನು ತಾನೇ ಮಾಡಿಕೊಂಡ ಸಂಗೀತಗಾರನ ಯಂತ್ರವಿದು. ತಂಬೂರಿಯನ್ನು ಮೀಟಲು ಜನ ಸಿಗದಿದ್ದಾಗ, ಮಳೆಗಾಲದ ತೇವಕ್ಕೆ ತಂತಿ ಸಡಿಲವಾದಾಗ, ರಾತ್ರಿಯಿಡೀ ನಡೆಯುವ ಆಟದಲ್ಲಿ ಹಾರ್ಮೋನಿಯಂ ಹಿಡಿದವನಿಗೆ ತೂಕಡಿಕೆ ಬಂದಾಗ, ಈ ಪೆಟ್ಟಿಗೆ ಎಚ್ಚರವಾಗಿಯೇ ಇರುತ್ತದೆ. ಇದರಿಂದ ಕಲೆಗೆ ಕುಂದಾಯಿತೆಂದು ನಾನು ಎಣಿಸಲಾರೆ.

ಹೊಸ ವಾದ್ಯವನ್ನು ಕಂಡೊಡನೆ ಬಾಗಿಲು ಮುಚ್ಚುವ ಅಭ್ಯಾಸವೂ ನಮ್ಮಲ್ಲಿ ಹಳೆಯದೇ. 1940ರಲ್ಲಿ ಆಕಾಶವಾಣಿಯು ಹಾರ್ಮೋನಿಯಮ್ಮಿಗೆ ಬಹಿಷ್ಕಾರ ಹಾಕಿತು. ಸುಮಾರು ಮೂರು ದಶಕಗಳ ಕಾಲ ಆ ನಿಷೇಧ ನಡೆಯಿತು. ಅಷ್ಟರಲ್ಲಿ ಊರೂರಿನ ಭಜನಾಮಂದಿರಗಳಲ್ಲಿ ಹಾರ್ಮೋನಿಯಂ ಮನೆಯ ಮಗನಂತೆ ಕುಳಿತುಬಿಟ್ಟಿದ್ದಿತು. ಹಾಗೆಂದು ನಿಷೇಧಿಸಿದವರ ವಾದವೆಲ್ಲ ಹುರುಳಿಲ್ಲದುದೆಂದೂ ಹೇಳಲಾಗದು. ಆ ವಾದದೊಳಗಿನ ಸತ್ಯ ಇಂದಿನ ಕೀಬೋರ್ಡಿಗೂ ಅನ್ವಯಿಸುವುದರಿಂದ ಅದನ್ನು ವಿವರಿಸುತ್ತೇನೆ. ಒಂದು ಸ್ಥಾಯಿಯನ್ನು 1200 ಸೂಕ್ಷ್ಮಭಾಗಗಳಾಗಿ ಹಂಚಿಕೊಂಡರೆ, ಕೀಬೋರ್ಡಿನ ಹನ್ನೆರಡು ಮನೆಗಳಲ್ಲಿ ಪ್ರತಿಯೊಂದಕ್ಕೂ ಸಮನಾಗಿ 100 ಭಾಗಗಳು ಬರುತ್ತವೆ. ಅಲ್ಲಿ ಅಂತರ ಗಾಂಧಾರ ನಿಲ್ಲುವುದು 400ರಲ್ಲಿ. ತಂಬೂರಿಯ ತಂತಿಯೊಳಗಿಂದ ತಾನಾಗಿ ಕೇಳಿಬರುವ ಗಾಂಧಾರ ನಿಲ್ಲುವುದಾದರೋ ಸುಮಾರು 386ರಲ್ಲಿ. ಹದಿನಾಲ್ಕು ಭಾಗಗಳ ಈ ಅಂತರ ಲೆಕ್ಕದಲ್ಲಿ ಸಣ್ಣದು. ಆದರೆ ಶ್ರುತಿಗೆ ಒಗ್ಗಿದ ಕಿವಿಗೆ ಅದು ಅಕ್ಕಿಯೊಳಗಿನ ಕಲ್ಲು. ಆದುದರಿಂದ ಯಂತ್ರಕ್ಕೆ ಷಡ್ಜ ಪಂಚಮಗಳನ್ನು ಹಿಡಿದು ನಿಲ್ಲಲು ಬಿಡುವುದು ಕ್ಷೇಮ. ಪದದ ಜಾಡನ್ನು ಬೆನ್ನಟ್ಟುವ ಕೆಲಸವನ್ನು ಕಂಠಕ್ಕೂ ಕೊಳಲಿಗೂ ಪಿಟೀಲಿಗೂ ಬಿಡಬೇಕು. ಇಂದಿನ ಕಂಪ್ಯೂಟರುಗಳಲ್ಲಿ ಸ್ವರಸ್ಥಾನಗಳನ್ನು ಬೇಕಾದಂತೆ ಸರಿಸಿಕೊಳ್ಳುವ ಸೌಕರ್ಯವಿದೆ. ಅದನ್ನು ಬಳಸುವ ಸಹನೆ ಬೇಕು, ಅಷ್ಟೆ.

ಶ್ರುತಿಯನ್ನು ಗೊತ್ತುಪಡಿಸುವಾಗಲೂ ಮನುಷ್ಯನೇ ಪ್ರಮಾಣವಾಗಬೇಕು. ನಮ್ಮ ಪಡ್ರೆಯಲ್ಲಿ ಜನಿಸಿದ ಬಲಿಪ ನಾರಾಯಣ ಭಾಗವತರು ಏರುಶ್ರುತಿಯ ಹಾಡಿಕೆಗೆ ಹೆಸರಾಂತವರು; 2023ರಲ್ಲಿ ಅವರು ನಮ್ಮನ್ನಗಲಿದರು. ಅಂತಹ ಕಂಠಕ್ಕೆ ಯಂತ್ರವು ಏರಿ ಬರಬೇಕೇ ಹೊರತು, ಮೊದಲೇ ಸಿದ್ಧಪಡಿಸಿಟ್ಟ ಹಿಮ್ಮೇಳದ ಶ್ರುತಿಗೆ ಕಂಠವು ಇಳಿದು ಬರಕೂಡದು.

ಇನ್ನು ತಾಳದ ವಿಚಾರ. ಇದು ನನ್ನ ಮಾತಿನ ಮರ್ಮಸ್ಥಾನ. ತೆಂಕುತಿಟ್ಟಿನ ವೇಷಧಾರಿ ರಂಗಸ್ಥಳಕ್ಕೆ ಬಂದು ದಿಗಿಣ ಹೊಡೆಯಲು ಆರಂಭಿಸುತ್ತಾನೆ. ಎಷ್ಟು ದಿಗಿಣ? ಹತ್ತೋ, ಇಪ್ಪತ್ತೋ? ಅದು ಯಾವ ಪುಸ್ತಕದಲ್ಲಿಯೂ ಬರೆದಿಲ್ಲ. ಆ ಹೊತ್ತಿನ ಅವನ ದಮ್ಮು, ರಂಗದ ಅಳತೆ, ಸಭೆಯ ಉತ್ಸಾಹ, ಪದದ ಭಾವ ಇವೆಲ್ಲ ಸೇರಿ ಅದನ್ನು ತೀರ್ಮಾನಿಸುತ್ತವೆ. ನಿಂತು ನುಡಿಸುವ ಚೆಂಡೆಯವನ ಕಣ್ಣು ವೇಷದ ಕಾಲಿನ ಮೇಲೆಯೇ ಇರುತ್ತದೆ. ಕಾಲು ನೆಲ ಮುಟ್ಟುವ ಕ್ಷಣಕ್ಕೆ ಕೋಲು ಚರ್ಮವನ್ನು ಮುಟ್ಟುತ್ತದೆ. ವೇಷಧಾರಿ ಮುಗಿಸುವ ಸೂಚನೆಯಿತ್ತರೆ ಭಾಗವತನು ಜಾಗಟೆಯಿಂದ ಸನ್ನೆ ಮಾಡುತ್ತಾನೆ, ಮದ್ದಳೆಯವನು ಮುಕ್ತಾಯದ ನುಡಿಗೆ ತಿರುಗುತ್ತಾನೆ, ಮೂವರೂ ಒಂದೇ ಹೆಜ್ಜೆಯಲ್ಲಿ ಬಂದು ನಿಲ್ಲುತ್ತಾರೆ. ಅರ್ಥಧಾರಿಯ ಮಾತು ಕಾವೇರಿದರೆ ಭಾಗವತನು ಮುಂದಿನ ಪದವನ್ನು ತಡೆದು ನಿಲ್ಲಿಸುತ್ತಾನೆ; ಕಾವು ಇಳಿದರೆ ಬೇಗನೆ ಎತ್ತಿಕೊಳ್ಳುತ್ತಾನೆ. ಇಲ್ಲಿ ತಾಳವೆಂಬುದು ಗಡಿಯಾರದ ಟಿಕ್ ಟಿಕ್ ಅಲ್ಲ, ನಾಲ್ಕು ಜನರ ಸಂಭಾಷಣೆ. ಆ ಸಂಭಾಷಣೆಯಲ್ಲಿ ಮಾತನಾಡಬಲ್ಲವನಿಗಿಂತ ಕೇಳಿಸಿಕೊಳ್ಳಬಲ್ಲವನೇ ದೊಡ್ಡವನು.

ಇದರ ಪ್ರತ್ಯಕ್ಷ ನಿದರ್ಶನವನ್ನು ಶಾಲೆಯಲ್ಲಿ ಕಂಡಿದ್ದೇನೆ. ಕೇರಳ ರಾಜ್ಯದ ಶಾಲಾ ಕಲೋತ್ಸವದಲ್ಲಿ ಯಕ್ಷಗಾನವೂ ಒಂದು ಸ್ಪರ್ಧಾವಿಷಯವೆಂಬುದು ತಮಗೆ ತಿಳಿದುದೇ. 2019ರಲ್ಲಿ ಅರುವತ್ತನೆಯ ಕಲೋತ್ಸವವು ನಮ್ಮ ಜಿಲ್ಲೆಯ ಕಾಞಂಗಾಡಿನಲ್ಲಿಯೇ ಜರಗಿತು. ಇಂತಹ ಸ್ಪರ್ಧೆಗೆಂದು ಮಕ್ಕಳನ್ನು ಅಣಿಗೊಳಿಸುವಾಗ ದಿನನಿತ್ಯ ಹಿಮ್ಮೇಳದವರನ್ನು ಕರೆಸಲು ಹಣವಿರುವುದಿಲ್ಲ. ಮೊಬೈಲಿನಲ್ಲಿ ಮುದ್ರಿಸಿದ ಹಿಮ್ಮೇಳವೇ ಗತಿ. ಒಮ್ಮೆ ಎಂಟನೆಯ ತರಗತಿಯ ಬಾಲಕನೊಬ್ಬ ಉತ್ಸಾಹದಿಂದ ಒಂದು ಸುತ್ತು ಹೆಚ್ಚು ಕುಣಿದನು. ಮುದ್ರಿತ ಚೆಂಡೆ ಅವನಿಗಾಗಿ ಕಾಯಲಿಲ್ಲ; ಅದು ಮುಂದೆ ಹೋಯಿತು. ಹುಡುಗನು ತಪ್ಪಿತಸ್ಥನಂತೆ ನಡುರಂಗದಲ್ಲಿ ನಿಂತುಬಿಟ್ಟನು. ವಾರದ ಬಳಿಕ ಊರಿನ ಚೆಂಡೆಯವರೊಬ್ಬರು ಬಂದು ನುಡಿಸಿದರು. ಆ ದಿನವೂ ಹುಡುಗ ಒಂದು ಸುತ್ತು ಹೆಚ್ಚೇ ಕುಣಿದನು. ಚೆಂಡೆಯವರು ನಸುನಕ್ಕು ಎರಡು ಆವರ್ತ ಹೆಚ್ಚು ನುಡಿಸಿ ಅವನನ್ನು ಮುಕ್ತಾಯಕ್ಕೆ ಕೈಹಿಡಿದು ತಂದರು. ಮೊದಲ ದಿನ ತಪ್ಪೆನಿಸಿದುದು ಎರಡನೆಯ ದಿನ ಕಲೆಯೆನಿಸಿತು. ಹುಡುಗ ಅವನೇ, ಕುಣಿತ ಅದೇ. ಕಾಯುವ ಮನುಷ್ಯನೊಬ್ಬನು ಇದ್ದುದೊಂದೇ ವ್ಯತ್ಯಾಸ.

ಕಂಪ್ಯೂಟರಿನೊಳಗಿನ ಚೆಂಡೆ ಹೇಗೆ ಹುಟ್ಟುತ್ತದೆಂಬುದನ್ನೂ ತಿಳಿಯಬೇಕು. ನಿಜವಾದ ಚೆಂಡೆಯ ಒಂದೊಂದು ಪೆಟ್ಟನ್ನು ಧ್ವನಿಮುದ್ರಿಸಿ, ಸೆಕೆಂಡಿಗೆ 44,100 ಅಳತೆಗಳಂತೆ ಅಂಕೆಗಳಾಗಿ ಮಾರ್ಪಡಿಸಿ, ಒಂದು ನಾದಕೋಶವಾಗಿ ಕೂಡಿಸಿಡುತ್ತಾರೆ. ಇದಕ್ಕೆ ಸ್ಯಾಂಪಲ್ ಎಂದು ಹೆಸರು. ಕೀಲಿಯೊತ್ತಿದಾಗ ಆ ಪೆಟ್ಟು ಮರಳಿ ಕೇಳುತ್ತದೆ. ಕೀಬೋರ್ಡಿಗೂ ಕಂಪ್ಯೂಟರಿಗೂ ನಡುವೆ ನಡೆಯುವ ಸಂದೇಶದ ಭಾಷೆ ‘ಮಿಡಿ’ ಎಂಬುದು; 1983ರಲ್ಲಿ ಬಳಕೆಗೆ ಬಂದಿತು. ಆ ಭಾಷೆಯಲ್ಲಿ ಪೆಟ್ಟಿನ ಬಲವನ್ನು ಒಂದರಿಂದ 127ರ ವರೆಗಿನ ಒಂದು ಅಂಕೆಯಾಗಿ ಬರೆಯುತ್ತಾರೆ. ನಮ್ಮ ಚೆಂಡೆಯ ಕೋಲು ಚರ್ಮದ ನಡುವಿಗೆ ಬಿದ್ದರೆ ಒಂದು ನಾದ, ಅಂಚಿಗೆ ಬಿದ್ದರೆ ಇನ್ನೊಂದು. ಕೋಲನ್ನು ಒತ್ತಿ ಹಿಡಿದರೆ ಬೇರೆ, ಪುಟಿಯಬಿಟ್ಟರೆ ಬೇರೆ. ಹಿಂದಿನ ಪೆಟ್ಟಿನ ಕಂಪನ ಅಡಗುವ ಮುನ್ನ ಬಿದ್ದ ಪೆಟ್ಟಿನ ಬಣ್ಣವೇ ಬೇರೆ. ಬಲವನ್ನು ಹೇಳುವ ಒಂದು ಅಂಕೆ ಇಷ್ಟನ್ನೆಲ್ಲ ಹೊರಲಾರದು. ಅನಂತರ ಯಂತ್ರವು ಹಿಂದುಮುಂದಾದ ಪೆಟ್ಟುಗಳನ್ನು ಎಳೆದು ಸಮಾನ ಗೆರೆಗಳ ಮೇಲೆ ಕೂರಿಸಬಲ್ಲದು. ಹಾಗೆ ಕೂರಿಸಿದಾಗ ತಪ್ಪು ಹೋಗುತ್ತದೆ ನಿಜ. ಅದರೊಡನೆ ನಡೆಯೂ ಹೋಗುತ್ತದೆ. ಛಂದಸ್ಸನ್ನು ಕಲಿಸುವವನಾಗಿ ಹೇಳುತ್ತೇನೆ: ಮಾತ್ರೆಗಳನ್ನು ಎಣಿಸಿ ಹಾಕಿದ ಮಾತ್ರಕ್ಕೆ ಷಟ್ಪದಿಯಾಗುವುದಿಲ್ಲ. ಓದುವವನು ಎಲ್ಲಿ ಎಳೆಯಬೇಕು, ಎಲ್ಲಿ ತಡೆಯಬೇಕು ಎಂದು ಅರಿತಾಗಲೇ ಅದು ಕಾವ್ಯ.

ಇದಕ್ಕಿಂತಲೂ ಗಹನವಾದ ಇನ್ನೊಂದು ವಿಷಯವಿದೆ. ತೆಂಕುತಿಟ್ಟಿನ ಚೆಂಡೆ ರೂಪದಲ್ಲಿ ಕೇರಳದ ಚೆಂಡೆಯೇ. ಬಡಗುತಿಟ್ಟಿನ ಚೆಂಡೆ ಇದಕ್ಕಿಂತ ಸಣ್ಣದು, ಕುಳಿತು ನುಡಿಸುವಂತಹದು. ಚಂದ್ರಗಿರಿಯ ಎರಡು ದಡಗಳ ಜನ ಒಂದೇ ವಾದ್ಯವನ್ನು ಹಂಚಿಕೊಂಡಿರುವುದು ನಮ್ಮ ಗಡಿನಾಡಿನ ಭಾಗ್ಯ. ಆದರೆ ವಾದ್ಯ ಒಂದಾದರೂ ನುಡಿ ಎರಡು. ಮಲೆಯಾಳದ ಮೇಳಗಳಲ್ಲಿ ಹತ್ತಾರು ಚೆಂಡೆಗಳು ಒಟ್ಟಾಗಿ ಇಲತ್ತಾಳ, ಕೊಂಬು, ಕುಳಲುಗಳೊಡನೆ ನುಡಿಯುತ್ತವೆ. ಪಂಚಾರಿ ಮೇಳದಲ್ಲಿ 96 ಅಕ್ಷರಗಳ ವಿಳಂಬ ಕಾಲದಿಂದ ಹೊರಟು 48, 24, 12 ಎಂದು ಇಳಿದು 6 ಅಕ್ಷರಗಳ ವೇಗದಲ್ಲಿ ಕೊನೆಗೊಳ್ಳುವ ಭವ್ಯವಾದ ಕಟ್ಟಡವಿದೆ. ಅದು ದೇವಾಲಯದ ಅಂಗಳದಲ್ಲಿ ನಿಂತು ಕೇಳತಕ್ಕ ವಾದ್ಯಕಾವ್ಯ. ನಮ್ಮ ಯಕ್ಷಗಾನದ ಚೆಂಡೆಯಾದರೋ ಪದಕ್ಕೂ ಪಾತ್ರಕ್ಕೂ ಸೇವಕ. ಕರುಣರಸದ ಪದಕ್ಕೆ ಅದು ಮೌನವಾಗಿ ನಿಂತು ಮದ್ದಳೆಗೆ ಎಡೆಮಾಡಿಕೊಡುತ್ತದೆ. ಯುದ್ಧದ ಏರುಪದಕ್ಕೆ ಎದ್ದು ಗರ್ಜಿಸುತ್ತದೆ. ಕಂಪ್ಯೂಟರಿನಲ್ಲಿ ‘ಚೆಂಡೆ’ ಎಂದು ಹುಡುಕಿದವನಿಗೆ ಮೇಳದ ನುಡಿ ಸಿಕ್ಕಿದರೆ ಅದನ್ನೇ ಯಕ್ಷಗಾನದ ಪದಕ್ಕೆ ಹೊಲಿದುಬಿಡುವನು. ಎರಡು ಕಲೆಗಳಿಗೂ ಅದು ಅನ್ಯಾಯ. ಮೇಳದ ಗಾಂಭೀರ್ಯವೂ ಉಳಿಯದು, ತಿಟ್ಟಿನ ಸೂಕ್ಷ್ಮವೂ ಉಳಿಯದು. ಗಡಿನಾಡಿನ ಮಾತಿಗೆ ಬಂದಿರುವ ಅಪಾಯ ಎಂತಹದೋ, ಗಡಿನಾಡಿನ ತಾಳಕ್ಕೆ ಬಂದಿರುವ ಅಪಾಯವೂ ಅಂತಹದೇ. ಯಾರೂ ಅದನ್ನು ಕೊಲ್ಲುವುದಿಲ್ಲ. ಸುಲಭವಾಗಿ ಕೈಗೆ ಸಿಕ್ಕಿದ ಇನ್ನೊಂದು ಅದರ ಜಾಗದಲ್ಲಿ ಕುಳಿತುಕೊಳ್ಳುತ್ತದೆ.

ಹಾಗಾದರೆ ಕಂಪ್ಯೂಟರನ್ನು ಹೊರಗಟ್ಟಬೇಕೆ? ಬೇಡವೆಂದೇ ನನ್ನ ಉತ್ತರ. ಯಂತ್ರವೂ ವಾದ್ಯವೂ ಗೌರವದಿಂದ ಕೂಡಿ ಬಾಳಿದ ನಿದರ್ಶನ ನಮ್ಮ ನೆರೆಯಲ್ಲಿಯೇ ಇದೆ. ಬಂಟ್ವಾಳ ಕಡೆಯ ನಾಗಸ್ವರದ ಮನೆತನದಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ಮೈಸೂರಿನ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನನ್ನು ಕಂಡು ಮನಸೋತು, ಪರದೇಶದ ಆ ವಾದ್ಯದಲ್ಲಿ ಕರ್ನಾಟಕ ಸಂಗೀತದ ಗಮಕಗಳನ್ನು ಒಲಿಸಿಕೊಂಡರು. 1994ರಲ್ಲಿ ‘ಡ್ಯುಯೆಟ್’ ಎಂಬ ತಮಿಳು ಚಿತ್ರಕ್ಕೆ ಎ. ಆರ್. ರೆಹಮಾನರು ಸಂಗೀತ ನೀಡುವಾಗ ಗೋಪಾಲನಾಥರನ್ನು ಕರೆಸಿ ನುಡಿಸಿದರು. ರೆಹಮಾನರೆಂದರೆ ಕೀಬೋರ್ಡು, ಕಂಪ್ಯೂಟರುಗಳಿಂದಲೇ ಹಾಡನ್ನು ಕಟ್ಟುವ ವಿದ್ಯೆಯಲ್ಲಿ ಪಳಗಿದವರು. ಸ್ಯಾಕ್ಸೊಫೋನಿನ ನಾದ ಅವರ ಕೀಬೋರ್ಡಿನಲ್ಲಿ ಇರಲಿಲ್ಲವೆಂದಲ್ಲ. ಗೋಪಾಲನಾಥರ ಉಸಿರು ಅದರಲ್ಲಿರಲಿಲ್ಲ, ಅಷ್ಟೆ. 2019ರಲ್ಲಿ ಗೋಪಾಲನಾಥರು ತೀರಿಕೊಂಡರು. ಆ ಉಸಿರು ಮುದ್ರಣದಲ್ಲಿ ಉಳಿದಿದೆ. ಇನ್ನೂ ಹಿಂದಕ್ಕೆ ಹೋದರೆ ಶಿವರಾಮ ಕಾರಂತರು ತಮ್ಮ ಯಕ್ಷಗಾನ ಪ್ರಯೋಗಗಳಲ್ಲಿ ಪಿಟೀಲನ್ನೂ ಸ್ಯಾಕ್ಸೊಫೋನನ್ನೂ ತಂದರು. ಅದನ್ನು ಮೆಚ್ಚಿದವರೂ ಉಂಟು, ಟೀಕಿಸಿದವರೂ ಉಂಟು. ಆದರೆ ಅವರು ತಂದುದು ಆ ವಾದ್ಯಗಳನ್ನು ನುಡಿಸುವ ಮನುಷ್ಯರನ್ನು. ಚೆಂಡೆ ಮದ್ದಳೆಯವರನ್ನು ಮನೆಗೆ ಕಳುಹಿಸುವುದಕ್ಕಾಗಿ ತಂದುದಲ್ಲ.

ಇನ್ನು, ಹಾಡುಗಳನ್ನು ಸಿದ್ಧಪಡಿಸುವ ತರುಣ ಮಿತ್ರರಿಗೆ ಉಪಯೋಗವಾಗಬಹುದಾದ ಕೆಲವು ಸೂಚನೆಗಳನ್ನು ಕೊಡಬಯಸುತ್ತೇನೆ.

ಮೊದಲನೆಯದು, ಯಾರು ಮುಂದೆ ನಡೆಯಬೇಕು ಎಂಬುದು. ಯಂತ್ರದ ಟಿಕ್ ಟಿಕ್ ಸದ್ದನ್ನು ಕಿವಿಗೆ ಕೊಟ್ಟು ಚೆಂಡೆಯವನನ್ನು ಅದರ ಹಿಂದೆ ನಡೆಸುವುದು ಈಗಿನ ರೂಢಿ. ಸಿನಿಮಾದ ಹಾಡಿಗೆ ಅದು ಸರಿಯಿದ್ದೀತು. ಯಕ್ಷಗಾನದ ಪದವಾದರೆ ಭಾಗವತ, ಮದ್ದಳೆ, ಚೆಂಡೆಗಳನ್ನು ಒಟ್ಟಿಗೆ ಕೂರಿಸಿ ಅವರ ನಡೆಯಲ್ಲಿಯೇ ಮೊದಲು ಮುದ್ರಿಸಿಕೊಳ್ಳಬೇಕು. ಅನಂತರ ಆವರ್ತದ ಮೊದಲ ಪೆಟ್ಟುಗಳನ್ನು ಕಂಪ್ಯೂಟರಿನಲ್ಲಿ ಗುರುತಿಸಿದರೆ ಯಂತ್ರದ ವೇಗವೇ ಅವರ ವೇಗಕ್ಕೆ ಹೊಂದಿಕೊಂಡು ಬರುತ್ತದೆ. ಯಂತ್ರಕ್ಕೆ ಅಹಂಕಾರವಿಲ್ಲ, ಹಿಂದೆ ನಡೆ ಎಂದರೆ ನಡೆಯುತ್ತದೆ. ನಾವು ಹೇಳಬೇಕು.

ಎರಡನೆಯದು, ಮೈಕಿನ ಸ್ಥಾನ. ಚೆಂಡೆ ಬಯಲಿಗೆಂದು ಹುಟ್ಟಿದ ವಾದ್ಯ. ಸಣ್ಣ ಕೋಣೆಯಲ್ಲಿ ಮೈಕನ್ನು ಅದರ ಬಾಯಿಗೆ ಹಿಡಿದರೆ ಮುದ್ರಣ ಒಡೆದುಹೋಗುತ್ತದೆ, ನಾದ ಡಬ್ಬಿಯೊಳಗಿನ ಕಲ್ಲಿನಂತಾಗುತ್ತದೆ. ನಾಲ್ಕಾರು ಅಡಿಗಳ ದೂರದಲ್ಲಿ, ಸಾಧ್ಯವಾದರೆ ಹೆಂಚಿನ ಮಾಡಿನ ವಿಶಾಲವಾದ ಚಾವಡಿಯಲ್ಲಿ ಮುದ್ರಿಸುವುದು ಉತ್ತಮ. ಮದ್ದಳೆಗಾದರೆ ಕರಣೆಯಿರುವ ಬಲಭಾಗಕ್ಕೊಂದು, ಎಡಭಾಗಕ್ಕೊಂದು ಹೀಗೆ ಎರಡು ಮೈಕುಗಳಿದ್ದರೆ ಎರಡರ ಮಾತೂ ಕೇಳುತ್ತದೆ. ಮಳೆಗಾಲದಲ್ಲಿ ಚರ್ಮ ತೇವಕ್ಕೆ ಸಡಿಲವಾಗುವುದರಿಂದ ವಾದ್ಯವನ್ನು ಕಾಯಿಸಿ ಹದಗೊಳಿಸಲು ಕಲಾವಿದನಿಗೆ ಸಮಯ ಕೊಡಬೇಕು. ಅವನು ವಾದ್ಯ ಹದಗೊಳಿಸುವ ಅರ್ಧಗಂಟೆಯನ್ನು ವ್ಯರ್ಥಕಾಲವೆಂದು ಲೆಕ್ಕ ಹಾಕಬಾರದು.

ಮೂರನೆಯದು, ದೂರದ ವಿಚಾರ. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರು ಸಾಗುತ್ತದೆ. ರಂಗದ ಆ ತುದಿಯ ಸ್ಪೀಕರಿನಿಂದ ಯಂತ್ರದ ನಾದವನ್ನು ಕೇಳುತ್ತ ನುಡಿಸುವವನಿಗೆ, ಮೂವತ್ತನಾಲ್ಕು ಮೀಟರು ದೂರವಿದ್ದರೆ ಸೆಕೆಂಡಿನ ಹತ್ತನೆಯ ಒಂದು ಭಾಗ ತಡವಾಗಿ ಅದು ತಲುಪುತ್ತದೆ. ವೇಗದ ತಾಳದಲ್ಲಿ ಅಷ್ಟು ಕಾಲದೊಳಗೆ ಒಂದು ಪೆಟ್ಟೇ ಬಿದ್ದುಹೋಗಬಹುದು. ಯಂತ್ರವನ್ನೂ ವಾದ್ಯವನ್ನೂ ವೇದಿಕೆಯ ಮೇಲೆ ಕೂಡಿಸುವವರು ಕಲಾವಿದನ ಬಳಿಯಲ್ಲಿಯೇ ಒಂದು ಸಣ್ಣ ಸ್ಪೀಕರನ್ನು ಇಡತಕ್ಕದ್ದು.

ನಾಲ್ಕನೆಯದು ಮತ್ತು ಮುಖ್ಯವಾದುದು, ಹೆಸರು ಮತ್ತು ಸಂಭಾವನೆ. ಒಬ್ಬ ಹಿರಿಯನನ್ನು ಕರೆಸಿ, ಒಂದು ಮಧ್ಯಾಹ್ನ ಅವನ ಪೆಟ್ಟುಗಳನ್ನೆಲ್ಲ ಮುದ್ರಿಸಿಕೊಂಡು, ಒಂದು ದಿನದ ಕೂಲಿ ಕೊಟ್ಟು ಕಳುಹಿಸಿ, ಆಮೇಲೆ ಆ ಪೆಟ್ಟುಗಳಿಂದಲೇ ನೂರು ಹಾಡುಗಳನ್ನು ಮಾಡುವುದು ಸಾಧ್ಯ. ಸಾಧ್ಯವಾದುದೆಲ್ಲ ಧರ್ಮವಲ್ಲ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಶಾಸನಕ್ಕೆ 1994ರಲ್ಲಿ ಆದ ತಿದ್ದುಪಡಿಯು ಕಲಾಪ್ರದರ್ಶಕನಿಗೂ ತನ್ನ ಪ್ರದರ್ಶನದ ಮೇಲೆ ಹಕ್ಕುಂಟೆಂದು ಮನ್ನಿಸಿತು. 2012ರ ತಿದ್ದುಪಡಿಯು ಆ ಹಕ್ಕನ್ನು ಬಲಪಡಿಸಿ, ಪ್ರದರ್ಶನವನ್ನು ತನ್ನದೆಂದು ಹೇಳಿಕೊಳ್ಳುವ ನೈತಿಕ ಹಕ್ಕನ್ನೂ ಕೊಟ್ಟಿತು. ಇದನ್ನು ಕಲಾವಿದರೂ ತಿಳಿದಿರಬೇಕು, ಮುದ್ರಿಸುವವರೂ ತಿಳಿದಿರಬೇಕು. ಎಷ್ಟು ಹಾಡಿಗೆ, ಯಾವ ಬಳಕೆಗೆ ಎಂದು ಒಂದು ಹಾಳೆಯಲ್ಲಿ ಕನ್ನಡದಲ್ಲಿಯೇ ಬರೆದು ಇಬ್ಬರೂ ಸಹಿ ಮಾಡಿದರೆ ಸ್ನೇಹವೂ ಉಳಿಯುತ್ತದೆ, ನ್ಯಾಯವೂ ಉಳಿಯುತ್ತದೆ.

ಇಲ್ಲಿ ಹಣದ ಪ್ರಶ್ನೆಯನ್ನು ಯಾರಾದರೂ ಎತ್ತಿಯೇ ಎತ್ತುವರು. “ಹಿಮ್ಮೇಳದವರನ್ನು ಕರೆಸುವ ಶಕ್ತಿ ನಮಗೆಲ್ಲಿದೆ? ಯಂತ್ರ ಅಗ್ಗ” ಎಂಬುದು ಸತ್ಯವಾದ ಮಾತು, ಅದನ್ನು ಉಪೇಕ್ಷಿಸಲಾಗದು. ಅಂತಹವರಿಗೆ ನನ್ನ ಬಿನ್ನಹವಿಷ್ಟೇ. ಶ್ರುತಿಯನ್ನೂ ಹಿನ್ನೆಲೆಯ ತುಂಬುನಾದವನ್ನೂ ಯಂತ್ರದಿಂದಲೇ ಪಡೆಯಿರಿ. ಹಾಗೆ ಉಳಿಸಿದ ಹಣದಲ್ಲಿ ಒಬ್ಬ ಮದ್ದಳೆಯವನನ್ನಾದರೂ ಕರೆಯಿರಿ. ಹತ್ತು ಯಂತ್ರನಾದಗಳ ನಡುವೆ ಒಂದು ನಿಜವಾದ ಮದ್ದಳೆ ಇದ್ದರೆ, ಊಟದೆಲೆಯ ತುದಿಯ ಉಪ್ಪಿನಂತೆ, ಅದೊಂದರಿಂದಲೇ ಉಳಿದುದಕ್ಕೆಲ್ಲ ರುಚಿ ಬರುತ್ತದೆ. ಅದಕ್ಕಿಂತ ಮಿಗಿಲಾಗಿ, ಮದ್ದಳೆ ಕಲಿಯುತ್ತಿರುವ ಒಬ್ಬ ಹುಡುಗನಿಗೆ “ಈ ವಿದ್ಯೆಗೆ ಊರಿನಲ್ಲಿ ಬೆಲೆಯಿದೆ” ಎಂಬ ಧೈರ್ಯ ಬರುತ್ತದೆ. ಇಡೀ ಹಾಡನ್ನು ಕೀಲಿಯಿಂದಲೇ ಮುಗಿಸಿದ ಊರಿನಲ್ಲಿ ಆ ಹುಡುಗನು ಹತ್ತು ವರ್ಷ ಬೆರಳು ನೋಯಿಸಿಕೊಂಡು ಏಕೆ ಕಲಿಯಬೇಕು? ಅವನು ಕಲಿಯದಿದ್ದರೆ ಮುಂದಿನ ನಾದಕೋಶಕ್ಕೆ ಪೆಟ್ಟು ಕೊಡುವವರಾದರೂ ಯಾರು? ಯಂತ್ರಕ್ಕೂ ಕೊನೆಗೆ ಮನುಷ್ಯನ ಕೈಯೇ ಬೇಕು.

ಕೊನೆಯದಾಗಿ ಸಂಘಕ್ಕೆ ಒಂದು ಸೂಚನೆ. ಪ್ರತಿವರ್ಷವೂ ಸ್ಮರಣಸಂಚಿಕೆಯನ್ನು ಹೊರತರುತ್ತೇವೆ, ಹಾರ ತುರಾಯಿಗಳನ್ನು ಅರ್ಪಿಸುತ್ತೇವೆ. ಒಳ್ಳೆಯದೇ. ಇದರೊಡನೆ ನಮ್ಮ ಜಿಲ್ಲೆಯ ಹಿರಿಯ ಚೆಂಡೆ ಮದ್ದಳೆ ವಾದಕರ ನುಡಿಗಳನ್ನು ಕ್ರಮವಾಗಿ ಧ್ವನಿಮುದ್ರಿಸುವ ಕಾರ್ಯವನ್ನು ಕೈಗೊಳ್ಳೋಣ. ಏಕ, ರೂಪಕ, ಝಂಪೆ, ತ್ರಿವುಡೆ, ಅಷ್ಟ, ಆದಿ ಹೀಗೆ ತಾಳ ತಾಳಕ್ಕೆ, ವಿಳಂಬದಲ್ಲಿ ಒಮ್ಮೆ, ವೇಗದಲ್ಲಿ ಒಮ್ಮೆ, ಮುಕ್ತಾಯಗಳೊಡನೆ ನುಡಿಸಲಿ. ನುಡಿಸುವ ಮೊದಲು ಆ ನುಡಿಗಳನ್ನು ಬಾಯಿಯಲ್ಲಿ ಹೇಳಲಿ. ಎಲ್ಲಿ, ಯಾವ ಪಾತ್ರಕ್ಕೆ, ಏತಕ್ಕೆ ಎಂದು ಕನ್ನಡದಲ್ಲಿ ವಿವರಿಸಲಿ. ಅವರ ಹೆಸರು, ಗುರುವಿನ ಹೆಸರು, ಊರು, ತೇದಿಗಳನ್ನು ಅವರ ಒಪ್ಪಿಗೆಯಿಂದ ದಾಖಲಿಸೋಣ. ಕಂಪ್ಯೂಟರಿನಲ್ಲಿ ಸಂಗೀತ ಮಾಡುವ ಹುಡುಗನಿಗೆ ಚೆಂಡೆ ಬೇಕಾದಾಗ ಎಲ್ಲಿಯದೋ ಸಾಮಗ್ರಿಗೆ ಕೈಚಾಚದೆ ನಮ್ಮದೇ ಭಂಡಾರಕ್ಕೆ ಬರಲಿ. ಬಂದಾಗ ಅಲ್ಲಿ ನಾದದೊಡನೆ ಕಲಾವಿದನ ಹೆಸರೂ ಮನೆಯ ದಾರಿಯೂ ಸಿಕ್ಕಲಿ. ಆ ದಾರಿಯನ್ನು ಹಿಡಿದು ಅವನು ಒಂದು ದಿನ ಕಲಾವಿದನ ಜಗಲಿಗೆ ಹೋಗಿ ಕುಳಿತನೆಂದರೆ ನಮ್ಮ ಭಂಡಾರದ ಶ್ರಮ ಸಾರ್ಥಕವಾದಂತೆ. ಏಕೆಂದರೆ ಭಂಡಾರವು ನಾದವನ್ನು ಉಳಿಸೀತು. ಕೇಳಿಸಿಕೊಂಡು ನುಡಿಸುವ ಗುಣವನ್ನು ಗುರುವಿನ ಎದುರು ಕುಳಿತವನು ಮಾತ್ರ ಉಳಿಸಬಲ್ಲನು.

ಕಾಸರಗೋಡಿನ ಕನ್ನಡಿಗರು 1956ರಿಂದ ಒಂದು ಪಾಠವನ್ನು ಕಲಿತಿದ್ದೇವೆ. ಭಾಷೆಯು ಕಾಗದದ ಮೇಲೆ ಬರೆದಿಟ್ಟ ಮಾತ್ರಕ್ಕೆ ಬದುಕುವುದಿಲ್ಲ. ಅದನ್ನು ಆಡುವ ಬಾಯಿ, ಆಲಿಸುವ ಕಿವಿ ದಿನನಿತ್ಯ ಇರಬೇಕು. ಚೆಂಡೆಗೂ ಇದೇ ನ್ಯಾಯ. ಯಂತ್ರ ಮನೆಗೆ ಬಂದ ನೆಂಟ. ಅವನಿಗೆ ಮಣೆ ಹಾಕೋಣ, ಬೆಲ್ಲ ನೀರು ಕೊಡೋಣ, ಅವನಿಂದ ಆಗುವ ಕೆಲಸವನ್ನು ಮಾಡಿಸಿಕೊಳ್ಳೋಣ. ಆದರೆ ಮನೆಯ ಯಜಮಾನಿಕೆ ಕೋಲು ಹಿಡಿದ ಕೈಯಲ್ಲಿಯೇ ಇರಲಿ.